ದೇವರಿಲ್ಲದ ಬೆಟ್ಟ

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದನ್ನೇ ಕಾಯುತ್ತ ನಿಂತಿದ್ದೆ. ಫೋನು ಟಿಣ್ ಎಂದಿತು. ಇಷ್ಟು ಬೇಗ ನನ್ನನ್ನು ನೆನೆಸಿಕೊಂಡ ಪುಣ್ಯಾತ್ಮರು ಯಾರಪ್ಪ ಎಂದು ಸೆರಗಿಗೆ ಕೈಯೊರೆಸಿಕೊಂಡು ನೋಡಿದರೆ ಮನುಷ್ಯರಾರೂ ಅಲ್ಲ. ‘ಕೇಲಾಂಗ್: ಇಂದು ಹಿಮ ಬೀಳುವ ಸಾಧ್ಯತೆ. ಬೆಚ್ಚಗಿರಿ.’ ನಾನಿರುವುದು ತಿಪಟೂರಿನಲ್ಲಿ. ಯುಗಾದಿ ಇನ್ನೂ ಬಂದಿಲ್ಲ, ಆಗಲೇ ತಾರಸಿ ಕಾದು ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತಿದೆ. ಬೆಚ್ಚಗಿರದೆ ಇನ್ನೇನು ಮಾಡಲಿ ಮಾರಾಯ, ಎಂದು ಫೋನಿಗೆ ಬೈದು ತಿರುಗುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು.

ಕೇಲಾಂಗ್ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಹಿಮಾಚಲದಲ್ಲಿ ಮನಾಲಿ ಇದೆಯಲ್ಲ, ಅಲ್ಲಿಂದ ಮುಂದೆ ಬೆಟ್ಟವನ್ನೇ ಕೊರೆದು ಮಾಡಿದ ಉದ್ದನೆಯ ಸುರಂಗ ದಾಟಿದರೆ ಆಚೆ ಕಣಿವೆಯಲ್ಲಿ ಸಿಗುವ ಸಣ್ಣ ಊರು. ನಾನೇನು ಕಂಡವಳಲ್ಲ. ಉತ್ತರಕ್ಕೆ ನಾನು ಹೋಗಿರುವುದು ಹೆಚ್ಚೆಂದರೆ ಹಂಪಿಯ ತನಕ, ಅದೂ ಶಾಲೆಯಲ್ಲಿದ್ದಾಗ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಆದರೆ ಕೇಲಾಂಗಿನ ಬಸ್‌ಸ್ಟ್ಯಾಂಡ್ ಮೇಲುಬೀದಿಯಲ್ಲಿದೆಯೋ ಕೆಳಬೀದಿಯಲ್ಲಿದೆಯೋ ಎಂದು ಕೇಳಿ, ಹೇಳುತ್ತೇನೆ. ಅಕ್ಕ ನನ್ನ ಫೋನಿನಲ್ಲಿ ಆ ಊರನ್ನು ಅಷ್ಟು ಸಲ ಹುಡುಕಿದ್ದಾಳೆ. ಅವಳು ಹುಡುಕುವುದನ್ನು ಬಿಟ್ಟು ಹತ್ತಿರಹತ್ತಿರ ವರ್ಷವಾಯಿತು. ಫೋನಿಗೆ ಅದು ಹೇಗೆ ಗೊತ್ತಾಗಬೇಕು, ಅದು ಪಾಪ ಇನ್ನೂ ಕರೆಯುತ್ತಲೇ ಇದೆ.

ಅಕ್ಕನನ್ನು ಕೊಟ್ಟಿರುವುದು ಅರಳಗುಪ್ಪೆಯ ಹತ್ತಿರದ ಒಂದು ಹಳ್ಳಿಗೆ. ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ, ಮೂರು ಹಸು. ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ. ಭಾವ ಮಾರ್ಕೆಟ್ಟಿಗೆ ಕೊಬ್ಬರಿ ತರುವ ದಿನ ಅಕ್ಕನೂ ಜೊತೆಗೆ ಬಂದು ನಮ್ಮ ಮನೆಯಲ್ಲಿ ಇಳಿಯುತ್ತಿದ್ದಳು. ಅವರು ಬರುವವರೆಗೆ ನನ್ನ ಫೋನು ಅವಳದು. ಅವಳ ಹತ್ತಿರವೂ ಒಂದು ಫೋನಿತ್ತು, ಒತ್ತುವ ಗುಂಡಿಯದು, ಹಸು ಈದ ಸುದ್ದಿ ಮತ್ತು ಯಾರಾದರೂ ಸತ್ತ ಸುದ್ದಿ ಬರುವುದಕ್ಕೆ ಸಾಕಾಗುವಂಥದ್ದು.

ಅವಳ ತಲೆಗೆ ಈ ಹಿಮದ ಹುಚ್ಚು ಹತ್ತಿದ್ದು ಒಂದು ವಿಡಿಯೊದಿಂದ. ನಮ್ಮ ಕಡೆಯವರೇ ಯಾರೋ ಗಂಡ ಹೆಂಡತಿ ಸರ್ಕಾರಿ ಬಸ್ಸಿನಲ್ಲೇ ಹಿಮಾಲಯ ಸುತ್ತುತ್ತಿದ್ದರು. ಆ ಹೆಂಗಸು ನಮ್ಮ ಹಾಗೇ ಸೀರೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿಕೊಂಡು, ರಸ್ತೆಯ ಪಕ್ಕದ ಹಿಮವನ್ನು ಬೊಗಸೆಯಲ್ಲಿ ಎತ್ತಿ ಗಂಡನ ಬೆನ್ನಿಗೆ ಎಸೆದಳು. ಗಂಡ ಹೋ ಎಂದು ಓಡಿದ. ಅಷ್ಟೇ. ಅಕ್ಕ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ‘ನೋಡೇ, ಸೀರೇಲೇ ಹೋಗವ್ಳೆ’ ಎಂದಳು. ಹಿಮಾಲಯಕ್ಕೆ ಸೀರೆಯಲ್ಲಿ ಹೋಗಬಹುದು ಎನ್ನುವುದೇ ಅವಳಿಗೆ ದೊಡ್ಡ ಸುದ್ದಿಯಾಗಿತ್ತು. ಅಲ್ಲಿಯತನಕ ಅದು ಪ್ಯಾಂಟು ಹಾಕುವವರ ಜಾಗ ಎಂದು ಅವಳು ತಿಳಿದಿದ್ದಿರಬೇಕು.

‘ಈ ವಯಸ್ಸಲ್ಲಿ ನಿನಗ್ಯಾಕೆ ಇದೆಲ್ಲ?’ ಎಂದು ನಾನು ಛೇಡಿಸಿದಾಗ ಅವಳು ಕೊಟ್ಟ ಉತ್ತರ ಕೇಳಿ. ನಮ್ಮ ಕಡೆ ಕೊಬ್ಬರಿ ಮಾಡುವವರಿಗೆ ಅವಸರವಿಲ್ಲ. ಕಿತ್ತ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಅಂದಾಗ ಇಳಿಸಿ ಸುಲಿದು ಒಡೆಯುವುದು. ಉಂಡೆಯುಂಡೆ ಕೊಬ್ಬರಿ ಲಾರಿ ಹತ್ತಿ ದಿಲ್ಲಿಯ ಕಡೆ ಹೋಗುತ್ತದೆ, ಅಲ್ಲಿಯ ಮದುವೆ ಹಬ್ಬಗಳಿಗೆ. ಅಕ್ಕ ಎಂದಳು: ‘ನಾನು ಅಟ್ಟಕ್ಕೆ ಹಾಕಿದ್ ಕಾಯಿ ವರ್ಷಾ ವರ್ಷಾ ದಿಲ್ಲಿ ನೋಡ್ತದೆ ಕಣೇ. ನಾನು ಕಿಬ್ಬನಹಳ್ಳಿ ಕ್ರಾಸಲ್ಲಿ ಲಾರಿ ತಿರುಗೋದ್ ನೋಡ್ಕೊಂಡು ವಾಪಸ್ ಬತ್ತೀನಿ.’ ಇದಕ್ಕೆ ಏನು ಹೇಳುತ್ತೀರಿ? ನಾನು ಕಾಫಿ ಮಾಡಲು ಎದ್ದು ಹೋದೆ.

ಆಮೇಲೆ ಶುರುವಾಯಿತು ನೋಡಿ ಯೋಜನೆ. ಕಡಿಮೆ ಖರ್ಚಿನಲ್ಲಿ ಹಿಮಾಲಯ! ಶಿಮ್ಲಾ ಬೇಡ, ಅಲ್ಲಿ ಮಧುಚಂದ್ರದವರ ಕಾಟ, ರೂಮು ದುಬಾರಿ. ಮನಾಲಿಯಲ್ಲಿ ಬಸ್ಸು ಇಳಿಯಬೇಕು, ಚಹಾ ಕುಡಿಯಬೇಕು, ನಿಲ್ಲಬಾರದು. ಸುರಂಗ ದಾಟಿ ಕೇಲಾಂಗಿಗೆ ಹೋದರೆ ಮನೆಗಳಲ್ಲೇ ಕೋಣೆ ಕೊಡುತ್ತಾರೆ, ಅಡುಗೆಮನೆಯನ್ನೂ ಬಿಟ್ಟುಕೊಡುತ್ತಾರೆ. ಬೆಂಗಳೂರಿನಿಂದ ದಿಲ್ಲಿಗೆ ರೈಲು, ಮಲಗುವ ಬೋಗಿ, ಎ.ಸಿ. ಯಾಕೆ, ಅಲ್ಲಿ ಹೋಗಿ ನಡುಗುವುದು ಇದ್ದೇ ಇದೆಯಲ್ಲ. ಮುಂದೆ ಸರ್ಕಾರಿ ಬಸ್ಸು. ಏಜೆಂಟರ ಸಹವಾಸ ಬೇಡವೇ ಬೇಡ. ದಾರಿಗೆ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಬೆಲ್ಲ. ಖರ್ಚಿನ ದುಡ್ಡು ಮನೆಯದಲ್ಲ, ಅವಳದೇ. ಕರಟ ಮಾರಿದ್ದು, ಕಡ್ಡಿಪೊರಕೆ ಕಟ್ಟಿ ಮಾರಿದ್ದು. ನಮ್ಮ ಕಡೆ ಅದು ಹೆಂಗಸರ ಬಾಬತ್ತು, ಗಂಡಸರು ಕೇಳುವುದಿಲ್ಲ. ಬ್ಯಾಟರಿ ಅಂಗಡಿಯ ನಮ್ಮ ಮನೆಯವರು ಒಮ್ಮೆ ಊಟಕ್ಕೆ ಬಂದವರು ಇದನ್ನೆಲ್ಲ ಕೇಳಿ, ‘ನಿಮ್ಮಕ್ಕನ್ನ ರೈಲ್ವೆ ಮಂತ್ರಿ ಮಾಡ್ಬೇಕು’ ಎಂದು ಹೇಳಿ ಕೈತೊಳೆದರು.

ಒಂದೇ ಒಂದು ಸಂಕಟವಿತ್ತು, ಮುದ್ದೆಯದು. ಅಷ್ಟು ಎತ್ತರದಲ್ಲಿ ನೀರು ಸರಿಯಾಗಿ ಕಾಯುವ ಮೊದಲೇ ಕುದಿಯುತ್ತದಂತೆ, ಬೇಳೆ ಬೇಯುವುದಿಲ್ಲ, ಹಿಟ್ಟೂ ಹಸಿಹಸಿ ಉಳಿಯುತ್ತದಂತೆ. ಅಕ್ಕ ಇದನ್ನು ಭಾವನಿಗೆ ಹೇಳಬಾರದಿತ್ತು, ಹೇಳಿಬಿಟ್ಟಳು. ಭಾವ ಬಹಳ ಹೊತ್ತು ಯೋಚಿಸಿ, ‘ಮುದ್ದೆ ಬೇಯ್ದಿರೋ ಊರಲ್ಲಿ ಜನ ಹೆಂಗ್ ಬದುಕವ್ರೆ?’ ಎಂದರು. ಕೇಲಾಂಗಿನವರ ಬಗ್ಗೆ ಅವರಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು. ಕೊನೆಗೆ ಕುಕ್ಕರಿನಲ್ಲಿ ಅಂಬಲಿ ಮಾಡಿಕೊಡುತ್ತೇನೆ ಎಂದು ಅಕ್ಕ ಒಪ್ಪಿಸಿದಳು. ಭಾವ ಕೆಟ್ಟವರಲ್ಲ. ಇದನ್ನು ನಾನು ಅನೇಕ ಸಲ ಹೇಳಿಕೊಳ್ಳಬೇಕಾಗಿ ಬಂದಿದೆ, ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಭಾವನಿಗೆ ಒಬ್ಬ ಅಣ್ಣ. ನಾನು ದೊಡ್ಡಭಾವ ಎನ್ನುತ್ತೇನೆ. ಒಂದೇ ಅಂಗಳ, ಎರಡು ಒಲೆ. ಒಲೆ ಎರಡಾದರೂ ಬಾಯಿ ಒಂದೇ, ಅದು ದೊಡ್ಡಭಾವನದು. ಅಣ್ಣನ ಮುಂದೆ ನಿಂತರೆ ನಮ್ಮ ಭಾವನಿಗೆ ಹೂಂ ಎನ್ನುವುದೊಂದೇ ಬರುವ ಮಾತು. ಹೊರಡಬೇಕೆಂದುಕೊಂಡ ಮೊದಲ ವರ್ಷ ಏಪ್ರಿಲ್ ತಿಂಗಳಲ್ಲಿ ತುರುವೇಕೆರೆ ಕಡೆ ಒಬ್ಬ ಮುದುಕರು ತೀರಿಕೊಂಡರು. ದಾಯಾದಿ. ಅಕ್ಕ ಅವರ ಮುಖ ನೋಡಿದ್ದೇ ಹೆಣವಾಗಿ ಮಲಗಿಸಿದಾಗ. ತಿಥಿ ಮುಗಿಸಿ ಬಂದ ದೊಡ್ಡಭಾವ ಜಗುಲಿಯಲ್ಲಿ ಕುಳಿತು ಅಪ್ಪಣೆ ಕೊಟ್ಟರು: ‘ವರ್ಷ ತುಂಬೋಗಂಟ ನಮ್ಮೋರು ಬೆಟ್ಟ ಹತ್ತೋ ಹಂಗಿಲ್ಲ ಕಣಮ್ಮ. ಮುಂದ್ಲೊರ್ಷ ನೋಡನ.’

ನಿಮಗೂ ಗೊತ್ತಿರಬಹುದು ಈ ಕಟ್ಟಳೆ. ಮನೆತನದಲ್ಲಿ ಸಾವಾದರೆ ವರ್ಷ ತುಂಬುವವರೆಗೆ ದೇವರ ಬೆಟ್ಟಕ್ಕೆ ಹೋಗಬಾರದು. ತಿರುಪತಿಗೆ ಹೋಗಬಾರದು, ಚಾಮುಂಡಿಗೆ ಹೋಗಬಾರದು, ಸರಿ. ಆದರೆ ಕೇಲಾಂಗ್? ಎಂದೂ ಗಂಡನ ಅಣ್ಣನಿಗೆ ಎದುರಾಡದ ಅಕ್ಕ ಅವತ್ತು ಬಾಗಿಲ ಸಂದಿಯಿಂದ ಬಾಯಿಬಿಟ್ಟಳು. ‘ಅದು ಬೆಟ್ಟ ಅಲ್ಲ ಭಾವ, ಊರು. ಬಸ್ಸು ಹೋಯ್ತದೆ. ನಾವೇನು ಹತ್ತೋದಿದೆಯಾ?’

‘ಬಸ್ಸು ತಿರುಪ್ತಿಗೂ ಹೋಯ್ತದೆ’ ಎಂದರು ದೊಡ್ಡಭಾವ. ‘ಅದು ಬೆಟ್ಟ ಅಲ್ವಾ?’

ನಮ್ಮ ಭಾವ ಹೂಂ ಎಂದರು.

ಮರುವರ್ಷ ಇನ್ನೊಬ್ಬ ದಾಯಾದಿ. ಈ ವಂಶದ ಬೇರು ಎಲ್ಲೆಲ್ಲಿ ಹರಡಿತ್ತೋ ಕಾಣೆ. ಚಿಕ್ಕನಾಯಕನಹಳ್ಳಿಯಿಂದ ದಬ್ಬೇಘಟ್ಟದವರೆಗೆ ಊರೂರಿಗೊಬ್ಬ ಮುದುಕ, ಸಾಯುವ ಕಾಲವೂ ನೋಡಿ ಬೇಸಗೆಯೇ. ಅಕ್ಕ ಈ ಸಲ ಸಿದ್ಧವಾಗಿದ್ದಳು. ನನ್ನ ಮನೆಯಲ್ಲಿ ಕುಳಿತು ಕೇಲಾಂಗಿನಲ್ಲಿ ನಮ್ಮ ದೇವರ ಗುಡಿಗಳೇನಾದರೂ ಇವೆಯೇ ಎಂದು ಹುಡುಕಿಸಿದಳು. ಜನ ತೀರ್ಥಯಾತ್ರೆಗೆ ಹೊರಡುವ ಮುನ್ನ ದೇವರು ಎಲ್ಲಿದ್ದಾನೆ ಎಂದು ಹುಡುಕುತ್ತಾರೆ. ನಾವಿಬ್ಬರು ದೇವರು ಇಲ್ಲದ ಜಾಗ ಹುಡುಕುತ್ತ ಒಂದಿಡೀ ಮಧ್ಯಾಹ್ನ ಕಳೆದೆವು. ‘ಇಲ್ಲೊಂದು ಕಾಣ್ತಿದೆ ಕಣೇ’ ಎಂದು ನಾನು ಹೇಳಿದರೆ ಅವಳ ಮುಖ ಸಣ್ಣಗಾಗುವುದು. ‘ಅಲ್ಲ ಬಿಡು, ಅದು ಬೌದ್ಧರ ಮಠ’ ಎಂದರೆ ಮತ್ತೆ ಅರಳುವುದು. ಯಾವ ಪುಣ್ಯಾತ್ಮನ ಲೆಕ್ಕದಲ್ಲಿ ಇದು ಪಾಪವೋ ನನಗೆ ತಿಳಿಯದು. ನಗುವುದಕ್ಕಂತೂ ಚೆನ್ನಾಗಿತ್ತು.

ಭಾವನನ್ನೇ ಮುಂದೆ ಬಿಟ್ಟು ಕೇಳಿಸಿದಳು. ‘ಅಲ್ಲಿ ನಮ್ ದೇವ್ರಿಲ್ವಂತೆ ಅಣ್ಣ. ಮಠ ಅಂತೆ, ಬೇರೆಯೋರ್ದು.’

ದೊಡ್ಡಭಾವ ಎಲೆಯಡಿಕೆ ಉಗಿದು ಬಂದು, ‘ಮಠ ಅಂದ್ಮೇಲೆ ದೇವ್ರು ಇರ್ದೆ ಇರ್ತಾನೇನ್ಲಾ?’ ಎಂದರು. ‘ಇಲ್ಲ ಅಂತ್ಲೇ ಇಟ್ಕೊ. ದೇವ್ರಿಲ್ದಿರೋ ಬೆಟ್ಟಕ್ಕೆ ಹೋಗಿ ಏನ್ಲಾ ಮಾಡ್ತೀಯ? ಮೇಕೆ ಮೇಯಿಸ್ತೀಯಾ?’ ಎಂದು ಅಂಗಳದವರೆಲ್ಲ ಕೇಳುವ ಹಾಗೆ ನಕ್ಕರು. ನಮ್ಮ ಭಾವನೂ ನಕ್ಕರು. ಅವರು ನಗಬಾರದಿತ್ತು. ಬೇರೆಯದನ್ನೆಲ್ಲ ನಾನು ಕ್ಷಮಿಸಿಯೇನು, ಆ ನಗುವನ್ನು ಇವತ್ತಿಗೂ ಕ್ಷಮಿಸಲಾರೆ.

ಆಗ ಅಕ್ಕ ಹಿಡಿದ ದಾರಿಯೇ ಬೇರೆ. ಸಾವನ್ನು ತಡೆಯುವುದು. ನಗಬೇಡಿ. ಮನೆತನದಲ್ಲಿ ಉಳಿದಿದ್ದ ಹಣ್ಣು ಮುದುಕರಲ್ಲಿ ಈಗಲೋ ಆಗಲೋ ಎನ್ನುವ ಹಾಗಿದ್ದವರು ದಬ್ಬೇಘಟ್ಟದ ದೊಡ್ಡತ್ತೆ, ಭಾವನ ದೊಡ್ಡಪ್ಪನ ಹೆಂಡತಿ. ಅಕ್ಕ ಬಸ್ಸು ಹತ್ತಿ ಅವರನ್ನು ನೋಡಲು ಹೋಗತೊಡಗಿದಳು. ಕಷಾಯ, ಕಾಲಿಗೆ ಹಚ್ಚುವ ಎಣ್ಣೆ, ಮೆತ್ತಗೆ ಬೇಯಿಸಿದ ಗಂಜಿ. ಬಂಧುಬಳಗವೆಲ್ಲ ಎಂಥಾ ಸೊಸೆ ಎಂದು ಹಾಡಿ ಹೊಗಳಿತು. ಅಕ್ಕ ನನ್ನ ಹತ್ತಿರ, ‘ಮೇ ತಿಂಗಳು ಕಳೆಯೋಗಂಟ ಇರ್ಲಿ ಕಣೇ, ಆಮೇಲೆ ದೇವ್ರಿಚ್ಛೆ’ ಎಂದಳು. ಮುದುಕಿಗೆ ಇದೆಲ್ಲ ಗೊತ್ತಿರಲಿಲ್ಲ ಎಂದುಕೊಂಡಿದ್ದೆವು. ಒಂದು ದಿನ ಕಾಲು ನೀವಿಸಿಕೊಳ್ಳುತ್ತ ಅವರೇ ಕೇಳಿದರಂತೆ, ‘ಅದ್ಯಾವ್ದೋ ಐಸಿನ್ ಬೆಟ್ಟಕ್ಕೆ ಹೋಗ್ಬೇಕಂತಲ್ಲೇ ನೀನು?’ ಅಕ್ಕ ನಾಚಿ ನೀರಾಗಿದ್ದಾಳೆ. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕು, ‘ನೀನು ಹೋಗಿ ಬರೋಗಂಟ ನಾನು ಸಾಯಕ್ಕಿಲ್ಲ ಬುಡೇ’ ಎಂದರಂತೆ. ಅಲ್ಲಿಂದ ಮುಂದೆ ಅಕ್ಕ ಅವರ ಹತ್ತಿರ ಹೋಗುತ್ತಿದ್ದುದು ಲೆಕ್ಕಾಚಾರಕ್ಕಲ್ಲ. ಅವಳ ಆಸೆಯನ್ನು ಆಸೆ ಎಂದು ಒಪ್ಪಿಕೊಂಡ ಆ ಮನೆತನದ ಒಂದೇ ಒಂದು ಜೀವ ಅದು.

ಆ ಚಳಿಗಾಲದಲ್ಲಿ ತಿಪಟೂರಿನ ರಸ್ತೆ ಬದಿಗೆ ಸ್ವೆಟರ್ ಮಾರುವವರು ಬಂದಿದ್ದರು, ಪ್ರತಿ ವರ್ಷ ಬರುವ ಟಿಬೆಟಿನವರು. ಅಕ್ಕ ನನ್ನನ್ನು ಎಳೆದುಕೊಂಡು ಹೋದಳು. ಕೆಂಪು ಕಪ್ಪು ಬಣ್ಣದ ಉಣ್ಣೆ ಟೋಪಿಯೊಂದನ್ನು ತಲೆಗೆ ಹಾಕಿಕೊಂಡು, ಅಂಗಡಿಯಲ್ಲಿ ಕೂತ ಹೆಂಗಸನ್ನು ಭಕ್ತಿಯಿಂದ ಕೇಳಿದಳು, ‘ಹಿಮ ಬಿದ್ದಾಗ ಕಿವೀಗೆಲ್ಲ ಇದು ಸಾಕಾಗ್ತದಾ ನಿಮ್ಮೂರಲ್ಲಿ?’ ಆ ಹೆಂಗಸು ನಮಗಿಂತ ಚೆನ್ನಾಗಿ ಕನ್ನಡ ಮಾತಾಡಿದಳು. ‘ನಾನು ಹುಟ್ಟಿದ್ದು ಬೆಳೆದಿದ್ದು ಬೈಲುಕುಪ್ಪೆ ಅಕ್ಕ. ಹಿಮ ನಾನೂ ನೋಡಿಲ್ಲ. ನಮ್ಮಜ್ಜಿ ಹೇಳೋಳು.’ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆಚ್ಚುಪೆಚ್ಚಾಗಿ ನಕ್ಕರು. ಟೋಪಿಯ ಬೆಲೆಯಲ್ಲಿ ಆಕೆ ಸ್ವಲ್ಪ ಬಿಟ್ಟುಕೊಟ್ಟಳು.

ಕಡೆಗೂ ಒಂದು ವರ್ಷ ಬಂತು, ಯಾರೂ ಸಾಯದ ವರ್ಷ. ದೊಡ್ಡತ್ತೆ ಮಾತಿಗೆ ತಪ್ಪಲಿಲ್ಲ, ಮಿಕ್ಕವರೂ ದೊಡ್ಡ ಮನಸ್ಸು ಮಾಡಿದರು. ದೊಡ್ಡಭಾವನಿಗೆ ತಡೆಯಲು ನೆಪವಿರಲಿಲ್ಲ, ‘ಹೋಗ್ರಪ್ಪ, ಯಾರ್ ಬೇಡ ಅಂದೋರು’ ಎಂದರು. ಮೇ ತಿಂಗಳಿಗೆ ಟಿಕೆಟ್ ತೆಗೆಸಿದೆವು. ಕೇಲಾಂಗಿನಲ್ಲಿ ಒಂದು ಮನೆಯವರಿಗೆ ಫೋನು ಮಾಡಿ ನನ್ನ ಹರಕು ಹಿಂದಿಯಲ್ಲಿ ಕೋಣೆ ಹೇಳಿದೆ. ಅಕ್ಕ ಪಕ್ಕದಲ್ಲಿ ಕೂತು, ‘ಅಡ್ಗೆಮನೆ ಕೇಳೇ, ಅಡ್ಗೆಮನೆ’ ಎಂದು ತಿವಿಯುತ್ತಿದ್ದಳು. ಬೆಟ್ಟಕ್ಕೆ ಕಾಲು ಗಟ್ಟಿಯಿರಬೇಕು ಎಂದು ಕೊಬ್ಬರಿ ಅಟ್ಟದ ಏಣಿಯನ್ನು ಕೆಲಸವಿದ್ದರೂ ಇಲ್ಲದಿದ್ದರೂ ಹತ್ತಿ ಇಳಿಯುತ್ತಿದ್ದಳಂತೆ. ಹಾಗೆ ಹತ್ತುತ್ತಿದ್ದವಳು ಒಂದು ದಿನ ಏಣಿಯ ನಡುವೆ ನಿಂತುಬಿಟ್ಟಳು. ಮೇಲೆ ಹೋಗಲಾರಳು, ಕೆಳಗೆ ಬರಲಾರಳು. ಉಸಿರು ಸಿಕ್ಕುತ್ತಿಲ್ಲ.

ತುಮಕೂರಿಗೆ ಕರೆದುಕೊಂಡು ಹೋದೆವು. ಎದೆಯ ಫೋಟೊ ತೆಗೆದರು, ಕೊಳವೆ ಊದಿಸಿದರು. ಮಳೆಗಾಲದಲ್ಲಿ ಕಾಯಿಗೆ ಬೂಷ್ಟು ಹಿಡಿಯದಿರಲೆಂದು ಅಟ್ಟದ ಕೆಳಗೆ ತೆಂಗಿನ ಮಟ್ಟೆಯ ಹೊಗೆ ಹಾಕುವುದು ಮದುವೆಯಾದಾಗಿನಿಂದ ಅಕ್ಕನ ಕೆಲಸ. ಬೇಸಗೆ ಬಂದರೆ ಸುಲಿಯುವ ಧೂಳು. ಅದೆಲ್ಲ ಒಳಗೆ ಹೋಗಿ ಕೂತಿತ್ತು. ಡಾಕ್ಟರು ಒಳ್ಳೆಯವರು, ಮೆತ್ತಗೆ ಹೇಳಿದರು. ‘ಎಳೆಯೋ ಔಷಧಿ ಕೊಡ್ತೀನಿ, ತಾಯಿ. ಮನೇಲಿ ಆರಾಮಾಗಿರ್ತೀರಿ. ಎತ್ತರದ ಜಾಗಕ್ಕೆ ಮಾತ್ರ ಹೋಗ್ಬೇಡಿ, ಗಾಳಿ ತೆಳು ಅಲ್ಲಿ. ಬೆಟ್ಟ ಗಿಟ್ಟ ಹತ್ತಬಾರದು.’ ಸೂತಕವಿಲ್ಲ, ದಾಯಾದಿಯಲ್ಲ, ಕುತ್ತಿಗೆಗೆ ಕೊಳವೆ ಹಾಕಿಕೊಂಡ ಈ ಮನುಷ್ಯನೂ ಅದನ್ನೇ ಹೇಳಬೇಕೇ! ನನಗೆ ಕೂಗಾಡಬೇಕೆನಿಸಿತು. ಅಕ್ಕ ಮಾತ್ರ, ‘ಮುದ್ದೆ ಉಣ್ಣಬೋದಾ?’ ಎಂದು ಕೇಳಿ, ಉಣ್ಣಬಹುದು ಎನಿಸಿಕೊಂಡು ಹೊರಗೆ ಬಂದಳು. ಬಸ್ಸು ಗುಬ್ಬಿ ದಾಟಿದ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ಕೂರಿಸಿಕೊಂಡು ಇಷ್ಟೆಲ್ಲ ಹೇಳುತ್ತಿರಲಿಲ್ಲ. ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ. ಆದರೆ ಅದೇ ವಾರ ದೊಡ್ಡಭಾವ ಹೇಳಿದರು, ‘ರೂಮು ಗೀಮು ಎಲ್ಲ ಹೇಳಿ ಆಗೈತೆ. ಸುಮ್ನೆ ಯಾಕ್ಲಾ ಹಾಳ್ಮಾಡದು? ನಾನೇ ಬತ್ತೀನಿ ನಡಿ.’ ನಮ್ಮ ಭಾವ ಅಕ್ಕನ ಮುಖ ನೋಡಿದರು. ‘ಹೋಗ್ಬನ್ನಿ’ ಎಂದಳು ಅವಳು. ಇನ್ನೇನು ಹೇಳಲು ಸಾಧ್ಯ? ಬೇಡ ಎನ್ನಲಿ ಎಂದು ಭಾವ ಕಾದಿದ್ದರೋ, ಹೋಗು ಎನ್ನಲಿ ಎಂದು ಕಾದಿದ್ದರೋ, ಅಂತೂ ಹೂಂ ಎಂದರು. ಅಕ್ಕನ ಟಿಕೆಟ್ಟು ರದ್ದಾಗಿ ದೊಡ್ಡಭಾವನ ಹೆಸರಿನಲ್ಲಿ ಹೊಸದು ಬಂತು. ಕರಟದ ದುಡ್ಡೇ ಅದಕ್ಕೂ ಹೋಯಿತು.

ದಬ್ಬೇಘಟ್ಟಕ್ಕೆ ಈ ಸುದ್ದಿ ಹೋಗಿ ಮುಟ್ಟಿದ ಮೇಲೆ ದೊಡ್ಡತ್ತೆ ಗಂಜಿ ಬಿಟ್ಟರಂತೆ. ಇನ್ನು ಯಾರಿಗೋಸ್ಕರ ಇರುವುದು ಎಂದುಕೊಂಡರೋ ಏನೋ, ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ಅಕ್ಕ ಹೆಣದ ಕಾಲ ಬಳಿ ಕೂತು ಅತ್ತಿದ್ದನ್ನು ನೋಡಲಾಗಲಿಲ್ಲ. ನಾನೂ ಅತ್ತೆ. ಅಳುತ್ತ ಅಳುತ್ತ ಒಳಗೊಳಗೇ, ಸದ್ಯ, ಈಗ ಇವರಿಬ್ಬರೂ ಮನೆಯಲ್ಲಿ ಕೂರಬೇಕಲ್ಲ, ಒಳ್ಳೇ ಕೆಲಸ ಮಾಡಿದೆ ಕಣಜ್ಜಿ ಎಂದೂ ಅಂದುಕೊಂಡೆ. ಸು‌ಳ್ಳು ಯಾಕೆ ಹೇಳಲಿ.

ತಿಥಿಯ ಊಟದ ದಿನ. ಪಂಕ್ತಿಯಲ್ಲಿ ದೊಡ್ಡಭಾವ ನಡುವೆ ಕೂತಿದ್ದರು. ಯಾರೋ ನೆಂಟರು ಕೇಳಿದರು, ‘ಮತ್ತೆ ನಿಮ್ಮ ಪ್ರಯಾಣ ನಿಂತೋಯ್ತೇನಪ್ಪ? ಬೆಟ್ಟ ಹತ್ತೋ ಹಂಗಿಲ್ವಲ್ಲ.’ ಅಕ್ಕ ಪಾಯಸದ ಬಕೆಟ್ಟು ಹಿಡಿದು ಆ ಸಾಲಿಗೇ ಬಂದಿದ್ದಳು. ದೊಡ್ಡಭಾವ ಎಲೆಯಿಂದ ತಲೆ ಎತ್ತದೆ ಹೇಳಿದರು: ‘ಏ, ಅದು ಬೆಟ್ಟ ಅಲ್ಲ ಕಣಯ್ಯ, ಊರು. ಬಸ್ಸು ಹೋಯ್ತದೆ. ನಾವೇನು ಹತ್ತೋದಿದೆಯಾ?’

ಅಕ್ಷರಕ್ಕೆ ಅಕ್ಷರ ಅಕ್ಕನ ಮಾತು. ಅದು ಅವಳದೆಂದು ಅವರಿಗೆ ನೆನಪೂ ಇರಲಿಲ್ಲ, ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹೆಂಗಸು ಹೇಳಿದಾಗ ಬೆಟ್ಟವಾಗಿದ್ದದ್ದು ಗಂಡಸು ಹೇಳಿದ ಕೂಡಲೇ ಊರಾಯಿತು. ನೆಂಟರು ‘ಅದೂ ನಿಜವೇ’ ಎಂದರು. ನಾನು ಅಕ್ಕನ ಕೈ ನೋಡಿದೆ. ಸೌಟು ಒಂದು ಕ್ಷಣ ನಿಂತಿತು, ಆಮೇಲೆ ಎಲೆಗೆ ಪಾಯಸ ಬಿತ್ತು. ‘ಇನ್ನೊಂಚೂರು ಹಾಕಮ್ಮ’ ಎಂದರು ದೊಡ್ಡಭಾವ. ಹಾಕಿದಳು. ನಾನಾಗಿದ್ದರೆ ಬಕೆಟ್ಟನ್ನೇ ತಲೆಯ ಮೇಲೆ ಸುರಿಯುತ್ತಿದ್ದೆ ಎಂದು ಈಗ ಹೇಳುವುದು ಸುಲಭ. ನಾನೂ ಅವತ್ತು ಪಲ್ಯದ ತಟ್ಟೆ ಹಿಡಿದುಕೊಂಡು ಮುಂದಿನ ಎಲೆಗೆ ಹೋದೆ.

ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಎಲ್ಲವನ್ನೂ ಅಕ್ಕನೇ ಕಟ್ಟಿಕೊಟ್ಟಳು. ಟೋಪಿಯನ್ನೂ. ಹೋಗಿ ಸೇರಿದ ಮೇಲೆ ಭಾವ ನನ್ನ ಫೋನಿಗೆ ಒಂದು ಫೋಟೊ ಕಳಿಸಿದರು. ಹಿಂದೆ ಬೆಳ್ಳಗೆ ಬೆಟ್ಟ, ಮುಂದೆ ಅಣ್ಣತಮ್ಮ. ದೊಡ್ಡಭಾವನ ಬೋಳುತಲೆಯ ಮೇಲೆ ಅಕ್ಕನ ಟೋಪಿ. ಭಾವನ ಕೈಯಲ್ಲಿ ಹಿಮದ ಉಂಡೆ, ಮುಖದಲ್ಲಿ ನಾನು ಈ ಜನ್ಮದಲ್ಲಿ ಕಾಣದ ನಗು. ಅದನ್ನು ಅಕ್ಕನಿಗೆ ತೋರಿಸಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಅವಳೇ ಬಂದು ‘ತೋರ್ಸೇ’ ಎಂದು ಕೈಚಾಚಿದಳು. ದೊಡ್ಡದು ಮಾಡಿ, ಸಣ್ಣದು ಮಾಡಿ, ಬೆಟ್ಟವನ್ನೇ ನೋಡಿದಳು. ಮನುಷ್ಯರನ್ನು ನೋಡಲಿಲ್ಲ.

ಭಾವ ವಾಪಸು ಬಂದ ದಿನ ನಾನು ಅಲ್ಲೇ ಇದ್ದೆ. ಮುಖ ಸುಟ್ಟು ಕಪ್ಪಗಾಗಿತ್ತು, ತುಟಿ ಒಡೆದಿತ್ತು. ಅಕ್ಕ ಕಾಲಿಗೆ ಬಿಸಿನೀರು ಕೊಟ್ಟು, ಕಾಫಿ ಕೊಟ್ಟು, ಎದುರಿಗೆ ಕೂತಳು. ಮಗ್ಗಿ ಒಪ್ಪಿಸುವ ಹುಡುಗನನ್ನು ನೋಡುವ ಮೇಷ್ಟರ ಹಾಗೆ ಕೂತಳು. ‘ಹೆಂಗಿತ್ತು?’

ಭಾವ ಕಾಫಿ ಲೋಟ ನೋಡುತ್ತ, ‘ಏನೂ ಇಲ್ಲ ಕಣೇ ಅಲ್ಲಿ’ ಎಂದರು. ‘ಬರೀ ಕಲ್ಲು, ಚಳಿ. ಊಟ ಸೇರಲ್ಲ. ನೀನು ಬರ್ದಿದ್ದೇ ಒಳ್ಳೇದಾಯ್ತು.’

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬಲ್ಲೆ. ಅವಳಿಗೆ ನೋವಾಗದಿರಲಿ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ಮಾತದು. ಆದರೆ ಸಂಜೆ ಜಗುಲಿಗೆ ಜನ ಸೇರಿತಲ್ಲ, ಅಣ್ಣತಮ್ಮ ಇಬ್ಬರಿಗೂ ಬಾಯಿಗೆ ಬಿಡುವಿಲ್ಲ. ‘ಸ್ವರ್ಗ ಕಣ್ಲಾ, ಸ್ವರ್ಗ! ಸುರಂಗ ದಾಟ್ತಿದ್ದಂಗೆ ಕಣ್ಣು ಕತ್ತಲೆ ಬತ್ತದೆ, ಅಷ್ಟು ಬೆಳ್ಳಗೆ!’ ಇದು ನಮ್ಮ ಭಾವನ ದನಿಯೇ. ಒಳಗೆ ಅಕ್ಕ ಸೊಪ್ಪು ಸೋಸುತ್ತಿದ್ದಳು. ಗೋಡೆಗೆ ಕಿವಿಯಿಲ್ಲ ಎಂದುಕೊಂಡಿದ್ದರೋ ಅಥವಾ ಅಡುಗೆಮನೆಯಲ್ಲಿ ಮನುಷ್ಯರಿಲ್ಲ ಎಂದುಕೊಂಡಿದ್ದರೋ. ಅವತ್ತಿನಿಂದ ಕಾಯಿ ವ್ಯಾಪಾರಿ ಬಂದರೂ ಹಾಲಿನ ಡೈರಿಯವನು ಬಂದರೂ ಜಗುಲಿಯಲ್ಲಿ ಸ್ವರ್ಗ, ಒಳಗೆ ಅಕ್ಕ ಕೇಳಿದರೆ ಕಲ್ಲು, ಚಳಿ.

ಇದಿಷ್ಟೂ ನಡೆದು ವರ್ಷ ತುಂಬುತ್ತ ಬಂತು. ಇವತ್ತು ಬೆಳಿಗ್ಗೆ ಉಕ್ಕಿದ ಹಾಲನ್ನು ಒರೆಸಿ, ತಿಂಡಿಯನ್ನೂ ಮಾಡದೆ ನಾನು ಅಕ್ಕನ ಊರಿನ ಬಸ್ಸು ಹತ್ತಿದೆ. ಹಿತ್ತಿಲಲ್ಲಿ ಗರಿಯ ರಾಶಿ ಹಾಕಿಕೊಂಡು ಕಡ್ಡಿ ಸೀಳುತ್ತ ಕೂತಿದ್ದಳು. ಅವಳ ಉಸಿರಿನ ಸದ್ದು ನಾನು ಬಾಗಿಲಲ್ಲಿರುವಾಗಲೇ ಕೇಳಿಸಿತು. ಪಕ್ಕದಲ್ಲಿ ಕೂತು, ನಾನೂ ಒಂದು ಗರಿ ಎತ್ತಿಕೊಂಡು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ‘ನೀನು ನೋಡ್ದಿರೋದನ್ನ ನಾನೂ ನೋಡಲ್ಲ ಕಣಕ್ಕ. ಈ ಜನ್ಮದಲ್ಲಿ ಆ ಕಡೆ ತಲೆ ಹಾಕಲ್ಲ.’ ಅವಳ ಕಣ್ಣು ತುಂಬುತ್ತದೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದೆ.

ಅಕ್ಕ ಕೈಯಲ್ಲಿದ್ದ ಕುಡುಗೋಲನ್ನು ಪಕ್ಕಕ್ಕೆ ಎಸೆದಳು.

‘ನೀನೂ ಅದನ್ನೇ ಮಾಡು. ನಂಗೆ ನೋವಾಗ್ಬಾರ್ದು ಅಂತ ಎಲ್ರೂ ಒಂದೊಂದ್ ಮಾಡಿ. ಆವಯ್ಯ ಏನೂ ಇಲ್ಲ ಅಂತ ಹೇಳ್ಲಿ, ನೀನು ಹೋಗಲ್ಲ ಅಂತ ಹೇಳು.’ ಮಾತು ಮುಗಿಸಲು ಉಸಿರು ಸಾಲದೆ ನಿಂತಳು. ಎಳೆಯುವ ಔಷಧಿ ಎಳೆದುಕೊಂಡು ಮತ್ತೆ ಶುರು ಮಾಡಿದಳು. ‘ಏನೂ ಇಲ್ದಿರೋ ಊರಿಗೆ ನಾನು ಇಷ್ಟ್ ವರ್ಷ ಕಾದ್ನಾ? ನಾನೇನು ಪೆದ್ದೀನಾ? ನಿಂಗೇನು ಸೂತಕ ಇಲ್ಲ, ಉಬ್ಬಸ ಇಲ್ಲ. ಹೋಗು. ಹೋಗ್ಬಂದು ನನ್ನೆದ್ರು ಕೂತ್ಕೊಂಡು ಚೆನ್ನಾಗಿತ್ತು ಅಂತ ಹೇಳು. ಒಂದೂ ಬಿಡ್ದಂಗೆ ಹೇಳು. ನಂಗೆ ಹೊಟ್ಟೆ ಉರೀಬೇಕು ಕಣೇ. ಅಷ್ಟಾದ್ರೂ ಆಗ್ಲಿ ನಂಗೆ.’

ನಾನು ಕುಡುಗೋಲು ಎತ್ತಿ ಕೊಟ್ಟೆ, ಇಬ್ಬರೂ ಗರಿ ಮುಗಿಸಿದೆವು. ಮಧ್ಯಾಹ್ನದ ಬಸ್ಸಿಗೆ ತಿಪಟೂರಿಗೆ ಬಂದವಳು ಮನೆಗೆ ಹೋಗದೆ ಸೀದಾ ಸ್ಟೇಷನ್ನಿಗೆ ಹೋಗಿ ಮೇ ತಿಂಗಳಿಗೆ ಟಿಕೆಟ್ ತೆಗೆಸಿದೆ. ಸಂಜೆ ನಮ್ಮ ಮನೆಯವರು ಅದನ್ನು ಕೈಯಲ್ಲಿ ಹಿಡಿದು, ಕನ್ನಡಕ ಮೇಲೇರಿಸಿ, ‘ಒಬ್ಬಳೇನಾ? ಅಲ್ಲಿ ನಿಂಗೇನು ಕೆಲಸ?’ ಎಂದರು.

‘ನಮ್ಮಕ್ಕನ ಹೊಟ್ಟೆ ಉರಿಸಬೇಕು’ ಎಂದೆ.